ವರ್ಲೀನಳ ರಿಫಂಡಿಗೆ ಕೈ ಹಾಕುವವರು ಯಾರು?

ಊಟಕ್ಕೆ ಕೂತ ಹೊತ್ತು ನೋಡಿಕೊಂಡೇ ಫೋನು ಬಡಿದುಕೊಳ್ಳುತ್ತದೆ. ನಾರ್ತ್ ಅಗಸ್ಟಾದ ಎಷ್ಟೋ ಮನೆಗಳ ಪಾಡು ಇದು. ವರ್ಲೀನ್ ಬೋಟ್‌ರೈಟ್ ಮನೆಯಲ್ಲೂ ಹೊಸ ವರ್ಷ ಹುಟ್ಟಿದಾಗಿನಿಂದ ಹೀಗೇ ನಡೆದಿತ್ತು. ಫೋನು ಅವಳ ಗಂಡ ಥರ್ಮನ್‌ನದು. ಅದು ಸದ್ದು ಮಾಡಿದ ಕೂಡಲೇ ಅವನು ಕೈಯಲ್ಲಿದ್ದ ಚಮಚ ಕೆಳಗಿಟ್ಟು, ಫೋನು ಎತ್ತಿಕೊಂಡು ಹಿತ್ತಿಲಿಗೆ ಹೋಗುತ್ತಿದ್ದ. ಒಳಗೆ ಬರುವಾಗ ಮುಖ ಇಷ್ಟೇ ಇಷ್ಟಾಗಿರುತ್ತಿತ್ತು.

"ಯಾರದು?" ಎಂದು ವರ್ಲೀನ್ ಕೇಳುವಳು.

"ರಾಂಗ್ ನಂಬರ್."

"ರಾಂಗ್ ನಂಬರಿನವನ ಹತ್ರ ಅಷ್ಟೊತ್ತು ಏನಪ್ಪಾ ಮಾತು? ಬೀನ್ಸ್ ಪಲ್ಯ ತಣ್ಣಗಾಗೋಷ್ಟು ಹೊತ್ತು?" ಎಂದು ಮೇಜಿನ ಆ ತುದಿಯಿಂದ ಒಝೆಲ್ಲಾ ಅಜ್ಜಿ ಕೇಳುವರು. ಅವರು ವರ್ಲೀನಳ ತಾಯಿ. ವಯಸ್ಸು ಎಂಬತ್ತು ದಾಟಿದ್ದರೂ ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು.

ಥರ್ಮನ್ ನಗಲು ನೋಡುತ್ತಿದ್ದ. ನಗು ಬರುತ್ತಿರಲಿಲ್ಲ.

ವರ್ಲೀನ್ ಮತ್ತು ಥರ್ಮನ್ ಮದುವೆಯಾಗಿ ಇನ್ನೂ ಆರು ತಿಂಗಳು ತುಂಬಿರಲಿಲ್ಲ. ಅವಳಿಗೆ ಅರವತ್ತೊಂದು, ಅವನಿಗೆ ಅರವತ್ತಾರು. ಇಬ್ಬರಿಗೂ ಇದು ಎರಡನೆಯ ಮದುವೆ. ಚರ್ಚಿನ ಹಾಡುಗಾರರ ಗುಂಪಿನಲ್ಲಿ ಅವಳು ಮುಂದಿನ ಸಾಲು, ಅವನು ಹಿಂದಿನ ಸಾಲು. ಎರಡು ವರ್ಷ ಅವಳ ಬೆನ್ನು ನೋಡುತ್ತ ಹಾಡಿದ ಮೇಲೆ ಒಂದು ದಿನ ಅವನು, "ವರ್ಲೀನ್, ನಿನ್ನ ಮುಖ ನೋಡ್ಕೊಂಡು ಒಂದು ಕಪ್ ಕಾಫಿ ಕುಡೀಬಹುದಾ?" ಎಂದು ಕೇಳಿದ್ದ. ಇಡೀ ಚರ್ಚು ಅವರಿಬ್ಬರನ್ನು ಗೋಳು ಹೊಯ್ದುಕೊಂಡಿತು. ಹಾಗೆ ಗೋಳು ಹೊಯ್ದುಕೊಂಡವರೇ ಮದುವೆಯ ದಿನ ಅತ್ತರು.

ಥರ್ಮನ್ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು. ವರ್ಲೀನ್ ಇನ್ನೂ ದುಡಿಯುತ್ತಿದ್ದಳು. ಮನೆ ಸೌತ್ ಕ್ಯಾರೋಲೈನಾದಲ್ಲಿ, ಕೆಲಸ ಸವಾನ್ನಾ ನದಿಯ ಆಚೆ ದಡದ ಜಾರ್ಜಿಯಾದಲ್ಲಿ, ಒಂದು ಶಾಲೆಯ ಅಡುಗೆಮನೆಯಲ್ಲಿ. ದಿನಾ ಬೆಳಗ್ಗೆ ಸೇತುವೆ ದಾಟಿ ಹೋಗಿ ಮಕ್ಕಳಿಗೆ ಬಿಸ್ಕಿಟ್ಟು, ಗ್ರಿಟ್ಸ್ ಗಂಜಿ ಮಾಡಿ ಬಡಿಸಿ ಬರುವಳು. ಸಂಬಳದಲ್ಲಿ ವರ್ಷವಿಡೀ ತೆರಿಗೆ ಮುರಿದುಕೊಳ್ಳುತ್ತಿದ್ದರು. ಹೆಚ್ಚಿಗೆ ಮುರಿದದ್ದು ವಸಂತಕಾಲದಲ್ಲಿ ರಿಫಂಡಾಗಿ ವಾಪಸು ಬರುತ್ತಿತ್ತು. ಈ ಸಲದ ರಿಫಂಡನ್ನು ಅವಳು ಆಗಲೇ ಒಂದು ಕೆಲಸಕ್ಕೆಂದು ಮನಸ್ಸಿನಲ್ಲಿ ಎತ್ತಿಟ್ಟಿದ್ದಳು.

ಹೋದ ಬೇಸಿಗೆಯಲ್ಲಿ ಒಝೆಲ್ಲಾ ಅಜ್ಜಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಅಲ್ಲಿಂದ ಗಾಲಿಕುರ್ಚಿ. ಮನೆಯ ಮುಂದಿನ ಮೆಟ್ಟಿಲು ಕಡಿದು. ಭಾನುವಾರ ಚರ್ಚಿಗೆ ಹೋಗಬೇಕೆಂದರೆ ಇಬ್ಬರು ಗಂಡಸರು ಬಂದು ಅಜ್ಜಿಯನ್ನು ಕುರ್ಚಿ ಸಮೇತ ಎತ್ತಿ ಇಳಿಸಬೇಕು. ಎರಡು ಸಲ ಹಾಗೆ ಹೋಗಿಬಂದ ಅಜ್ಜಿ ಮೂರನೇ ಸಲ ಒಲ್ಲೆ ಎಂದುಬಿಟ್ಟರು.

"ನಾನೇನು ಪಿಯಾನೋನಾ, ಹೊತ್ಕೊಂಡು ಹೋಗೋಕೆ? ದೇವ್ರಿಗೆ ನನ್ನ ಮನೆ ಗೊತ್ತು. ಅವನೇ ಬರ್ಲಿ."

ಆವತ್ತಿನಿಂದ ಅಜ್ಜಿ ಹೊರಗೆ ಕಾಲಿಟ್ಟಿರಲಿಲ್ಲ. ಮೆಟ್ಟಿಲ ಪಕ್ಕ ಮರದ ಒಂದು ಇಳಿಜಾರು ಹಾದಿ ಕಟ್ಟಿದರೆ ಕುರ್ಚಿ ತಾನೇ ಉರುಳಿಕೊಂಡು ಹೋಗುತ್ತದೆ. ಕಟ್ಟುವುದಕ್ಕೆ ಥರ್ಮನ್ ಇದ್ದಾನೆ. ಮರ, ಮೊಳೆ, ಕಬ್ಬಿಣಕ್ಕೆ ಮಾತ್ರ ದುಡ್ಡು ಬೇಕು. ರಿಫಂಡು ಬಂದ ವಾರವೇ ಕೆಲಸ ಶುರು ಎಂದು ಅವನೇ ಹೇಳಿದ್ದ, ಅಳತೆಯನ್ನೂ ತೆಗೆದುಕೊಂಡಿದ್ದ.

ಅಂಥವನು ಫೆಬ್ರವರಿಯ ಒಂದು ಸಂಜೆ ಇದ್ದಕ್ಕಿದ್ದಂತೆ, "ವರ್ಲೀನ್, ಈ ವರ್ಷ ಟ್ಯಾಕ್ಸ್ ಪೇಪರ್ ನೀನೊಬ್ಬಳೇ ಹಾಕು. ನನ್ನ ಹೆಸರು ಸೇರಿಸ್ಬೇಡ" ಎಂದ.

"ಯಾಕೆ? ಗಂಡ ಹೆಂಡ್ತಿ ಒಟ್ಟಿಗೆ ಹಾಕಿದ್ರೆ ತೆರಿಗೆ ಕಮ್ಮಿ ಬೀಳತ್ತೆ ಅಂತ ಎಲ್ರೂ ಹೇಳ್ತಾರೆ."

"ಬೇಡ ಅಂದ್ನಲ್ಲ."

"ಮದ್ವೆ ಚರ್ಚಲ್ಲಿ ಆಗಿದೆ, ಪೇಪರಲ್ಲಿ ಆಗಿಲ್ವಾ ಹಾಗಾದ್ರೆ?"

ಅವನು ಎದ್ದು ಹೋಗಿ ಪಾತ್ರೆ ತೊಳೆಯತೊಡಗಿದ. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದ.

ಆ ಶನಿವಾರ ವರ್ಲೀನ್ ಸಾಮಾನು ತರಲು ಅಂಗಡಿಗೆ ಹೋಗಿ ಬಂದಳು. ಒಝೆಲ್ಲಾ ಅಜ್ಜಿ ಬಾಗಿಲಿಗೆ ಮುಖ ಮಾಡಿ ಕುರ್ಚಿಯಲ್ಲಿ ಕಾಯುತ್ತಿದ್ದರು.

"ನಿನ್ನ ಗಂಡ ಹೋದ."

"ಎಲ್ಲಿಗೆ?"

"ನದಿ ಆಚೆ, ಅವನ ಅಕ್ಕನ ಮನೆಗೆ. ಬ್ಯಾಗ್ ತಗೊಂಡು. 'ಸ್ವಲ್ಪ ದಿನ ಅಲ್ಲಿರ್ತೀನಿ ಅಂತ ವರ್ಲೀನ್‌ಗೆ ಹೇಳ್ಬಿಡಿ ಮಿಸ್ ಒಝೆಲ್ಲಾ' ಅಂದ. ನನ್ನ ಕೆನ್ನೆಗೆ ಮುತ್ತು ಕೊಟ್ಟ. ಓಡಿಹೋಗೋ ಗಂಡಸು ಅತ್ತೆಗೆ ಮುತ್ತು ಕೊಟ್ಟು ಹೋಗಲ್ಲ ಕಣೇ. ಏನೋ ಆಗಿದೆ ಅವನಿಗೆ. ಹೋಗಿ ಕರ್ಕೊಂಡು ಬಾ."

ವರ್ಲೀನ್ ಸಾಮಾನಿನ ಚೀಲವನ್ನು ಮೇಜಿನ ಮೇಲಿಟ್ಟು, ಹಾಲನ್ನಷ್ಟೇ ಫ್ರಿಜ್ಜಿಗೆ ತಳ್ಳಿ, ಮತ್ತೆ ಕಾರು ಹತ್ತಿದಳು. ಸೇತುವೆಯ ಮೇಲೆ ಹೋಗುವಾಗ ಅವಳಿಗೆ ಸಿಟ್ಟು ಬಂದಿತ್ತು. ಸೇತುವೆ ಮುಗಿಯುವ ಹೊತ್ತಿಗೆ ಅಳು ಬಂದಿತ್ತು. ಬೇರೆ ಹೆಂಗಸು ಇದ್ದಾಳೋ, ಕಾಯಿಲೆ ಬಂದಿದೆಯೋ, ತನ್ನನ್ನು ಮದುವೆಯಾದದ್ದೇ ತಪ್ಪು ಅನ್ನಿಸಿದೆಯೋ? ಅಡುಗೆಮನೆಯ ಕೆಲಸದಿಂದ ಒರಟಾದ ತನ್ನ ಕೈಗಳನ್ನು ಅವಳು ಸ್ಟೀರಿಂಗಿನ ಮೇಲೆ ನೋಡಿಕೊಂಡಳು.

ನದಿಯಾಚೆಯ ಅಗಸ್ಟಾದಲ್ಲಿ ಅಕ್ಕ ಲುಸಿಲ್ಲಳ ಮನೆಯ ಜಗಲಿಯ ಮೇಲೆ ಥರ್ಮನ್ ಒಬ್ಬನೇ ಕೂತು ಪೀಕನ್ ಕಾಯಿ ಒಡೆಯುತ್ತಿದ್ದ. ವರ್ಲೀನಳನ್ನು ಕಂಡು ಎದ್ದು ನಿಂತ. ಕಿಟಕಿಯೊಳಗಿಂದ ಲುಸಿಲ್, "ಬಂದ್ಯಾ ತಾಯಿ? ಬೇಗ ಕರ್ಕೊಂಡ್ಹೋಗು. ಬೆಳಗ್ಗೆಯಿಂದ ಬಾಯಿ ಬಿಟ್ಟಿಲ್ಲ, ಬರೀ ಕಾಯಿ ಒಡೀತಾ ಕೂತಿದಾನೆ. ನನ್ನ ಮನೇಲಿ ಇನ್ನು ಒಡೆಯೋಕೆ ಕಾಯಿ ಇಲ್ಲ" ಎಂದಳು.

ವರ್ಲೀನ್ ಪಕ್ಕದ ಕುರ್ಚಿಯಲ್ಲಿ ಕೂತಳು.

"ಹೇಳು. ಏನಿದ್ರೂ ಸರಿ, ಹೇಳು. ನಾನು ಕೇಳಿ ಎದ್ದು ಹೋಗೋಳಲ್ಲ."

ಥರ್ಮನ್ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟ. ಆಮೇಲೆ ಹೇಳಿದ.

ಹದಿನೆಂಟು ವರ್ಷದ ಹಿಂದೆ ಅವನು ಒಹಾಯೊ ರಾಜ್ಯದಲ್ಲಿದ್ದ. ಮೊದಲ ಹೆಂಡತಿಯ ಜೊತೆ ಹೊಸ ಮನೆ ಮಾಡಿ, ಒಂದು ಅಂಗಡಿಯಲ್ಲಿ ಸೋಫಾ, ಮಂಚ, ದೊಡ್ಡ ಟೀವಿ ಎಲ್ಲ ಕಂತಿನ ಮೇಲೆ ತಂದಿದ್ದ. ಮರುವರ್ಷ ಕಾರ್ಖಾನೆ ಮುಚ್ಚಿತು. ಅದರ ಹಿಂದೆಯೇ ಮದುವೆಯೂ ಮುರಿಯಿತು. ಕಂತು ನಿಂತಿತು. ಥರ್ಮನ್ ದಕ್ಷಿಣಕ್ಕೆ ಬಂದುಬಿಟ್ಟ. ಈಗ ಇಷ್ಟು ವರ್ಷದ ಮೇಲೆ ಯಾವುದೋ ಸಾಲ ವಸೂಲಿ ಏಜೆನ್ಸಿಯವನು, ತನ್ನ ಹೆಸರು ಮಿಸ್ಟರ್ ಸ್ಟೋನ್ ಅನ್ನುವವನು, ಫೋನು ಮಾಡುತ್ತಿದ್ದಾನೆ. ಆ ಸಾಲವನ್ನು ತಾವು ಕೊಂಡಿದ್ದೇವೆ, ಬಡ್ಡಿ ಸೇರಿ ಐದು ಸಾವಿರ ಡಾಲರ್ ದಾಟಿದೆ ಅನ್ನುತ್ತಾನೆ.

"ದುಡ್ಡು ಕೊಡದೇ ಇದ್ರೆ ನಿನ್ನ ಟ್ಯಾಕ್ಸ್ ರಿಫಂಡು ನಮ್ಮ ಕೈಗೆ ಬರತ್ತೆ ಅಂದ ವರ್ಲೀನ್. ಮದ್ವೆ ಆಗಿದೀಯಂತಲ್ಲ, ಹೆಂಡ್ತಿದೂ ಬರತ್ತೆ ಅಂದ. ನಿನ್ನ ಹೆಸರೂ ಅವನಿಗೆ ಗೊತ್ತು."

"ಅದಕ್ಕೆ ಬ್ಯಾಗ್ ಎತ್ಕೊಂಡು ಬಂದ್ಯಾ?"

"ಇದು ಜಾರ್ಜಿಯಾ. ನೀನಿರೋದು ಆ ರಾಜ್ಯ. ಒಂದೇ ಮನೇಲಿ ಇಲ್ಲ ಅಂದ್ರೆ, ಒಂದೇ ರಾಜ್ಯದಲ್ಲೂ ಇಲ್ಲ ಅಂದ್ರೆ, ನಿನ್ನ ದುಡ್ಡು ಮುಟ್ಟೋಕಾಗಲ್ಲ ಅಂದ್ಕೊಂಡೆ. ಮಿಸ್ ಒಝೆಲ್ಲಾ ಚರ್ಚಿಗೆ ಹೋಗ್ಬೇಕು. ನನ್ನ ಹಳೇ ಸೋಫಾಗೋಸ್ಕರ ಅವರು ಮನೇಲಿ ಕೂರೋದು ನನ್ನಿಂದ ನೋಡೋಕಾಗಲ್ಲ."

ವರ್ಲೀನಳಿಗೆ ಬೈಯಬೇಕು ಅನ್ನಿಸಿತು. ತಬ್ಬಿಕೊಳ್ಳಬೇಕು ಅಂತಲೂ ಅನ್ನಿಸಿತು. ಎರಡನ್ನೂ ಮಾಡಿದಳು.

"ಮೂರ್ಖ ಗಂಡಸು ನೀನು. ನಾನು ಇಡೀ ದಾರಿ ಯಾವಳೋ ಹೆಂಗಸಿನ ಮುಖ ಕಲ್ಪಿಸ್ಕೊಂಡು ಬಂದೆ, ಇವನು ನೋಡಿದ್ರೆ ಸೋಫಾ ಅಂತಾನೆ."

"ಇನ್ನೊಂದಿದೆ" ಎಂದ ಥರ್ಮನ್ ಅವಳ ಭುಜದ ಮೇಲಿಂದ. "ಸೋಮವಾರ ನಾನೂರು ಡಾಲರ್ ಕೊಡ್ತೀನಿ ಅಂತ ಒಪ್ಕೊಂಡಿದೀನಿ. ಅಷ್ಟು ಕೊಟ್ರೆ ಸದ್ಯಕ್ಕೆ ರಿಫಂಡು ಬಿಡ್ತೀವಿ ಅಂದ. ಬ್ಯಾಂಕಿನ ನಂಬರ್ ಫೋನಲ್ಲೇ ಹೇಳ್ಬೇಕಂತೆ."

ವರ್ಲೀನ್ ಎದ್ದು ನಿಂತು ಅವನ ಬ್ಯಾಗು ಎತ್ತಿಕೊಂಡಳು. "ಏಳು. ಜೆನೀವಾ ಹತ್ರ ಹೋಗೋಣ. ಇವತ್ತು ಶನಿವಾರ, ಚರ್ಚಲ್ಲೇ ಇರ್ತಾಳೆ."

ಜೆನೀವಾ ಫುಲ್ಮರ್ ವರ್ಲೀನಳ ಜೊತೆ ಒಂದೇ ಬೆಂಚಿನಲ್ಲಿ ಓದಿದವಳು, ಆಮೇಲೆ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರ್ ಆದವಳು. ನಿವೃತ್ತಿಯಾದ ಮೇಲೆ ಸರ್ಕಾರದ ತರಬೇತಿ ಪಡೆದು, ಪರೀಕ್ಷೆ ಪಾಸು ಮಾಡಿ, ಪ್ರತಿ ವರ್ಷ ತೆರಿಗೆಯ ದಿನಗಳಲ್ಲಿ ಚರ್ಚಿನ ಹಾಲಿನಲ್ಲಿ ಕೂತು ಕಡಿಮೆ ಸಂಬಳದವರ ತೆರಿಗೆ ಕಾಗದಗಳನ್ನು ಪುಕ್ಕಟೆಯಾಗಿ ತುಂಬಿಕೊಡುತ್ತಿದ್ದಳು. ಅವರು ಹೋದಾಗ ಕಾಯುವವರ ಸಾಲು ಮುಗಿದು, ಅವಳು ಕನ್ನಡಕ ತೆಗೆದು ಪೌಂಡ್ ಕೇಕಿನ ತುಂಡೊಂದನ್ನು ತಿನ್ನುತ್ತಿದ್ದಳು.

"ಹೊಸ ಮದುಮಕ್ಕಳು ಬಂದ್ರು" ಎಂದಳು. ಆಮೇಲೆ ಅವರ ಮುಖ ನೋಡಿ ಕೇಕು ಬದಿಗಿಟ್ಟಳು. "ಕೂತ್ಕೊಳ್ಳಿ. ಏನಾಯ್ತು?"

ಥರ್ಮನ್ ಎಲ್ಲ ಹೇಳಿದ. ಜೆನೀವಾ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡಳು.

"ಥರ್ಮನ್, ಮೊದ್ಲು ಒಂದು ಮಾತು ತಿಳ್ಕೋ. ಆ ಸ್ಟೋನ್‌ಗೆ ನಿನ್ನ ಫೆಡರಲ್ ರಿಫಂಡು, ಅಂದ್ರೆ ಕೇಂದ್ರ ಸರ್ಕಾರದಿಂದ ಬರೋದು, ಮುಟ್ಟೋಕಾಗಲ್ಲ. ಅಂಗಡಿ ಸಾಲ, ಕ್ರೆಡಿಟ್ ಕಾರ್ಡು ಸಾಲ ವಸೂಲಿ ಮಾಡೋ ಖಾಸಗಿಯವನು ಖಜಾನೆಗೆ ಫೋನ್ ಮಾಡಿ 'ಅವನ ರಿಫಂಡು ನನಗೆ ಕಳ್ಸಿ' ಅನ್ನೋ ಹಾಗಿಲ್ಲ."

"ಗವರ್ನಮೆಂಟಲ್ಲಿ ನಮ್ಮವರಿದಾರೆ ಅಂದ."

"ನನಗೂ ಇದಾರೆ. ನನ್ನ ಅಳಿಯ ಪೋಸ್ಟಾಫೀಸಲ್ಲಿದಾನೆ."

ವರ್ಲೀನ್ ನಕ್ಕಳು. ಥರ್ಮನ್ ನಗಲಿಲ್ಲ. "ಆದ್ರೆ ಜೆನೀವಾ, ನಮ್ಮ ಡಿಪೋದಲ್ಲಿ ಒಬ್ಬನ ರಿಫಂಡು ನಿಜವಾಗ್ಲೂ ಹೋಯ್ತು. ನಾನೇ ಕಣ್ಣಾರೆ ನೋಡಿದೀನಿ."

"ಹೋಗಿರತ್ತೆ. ಅವನು ಮಕ್ಕಳ ಜೀವನಾಂಶ ಬಾಕಿ ಇಟ್ಟಿದ್ನಾ?"

ಥರ್ಮನ್ ಯೋಚಿಸಿದ. "ಹೂಂ. ಎರಡು ಮಕ್ಕಳದು."

"ಅದು ಬೇರೆ. ಕೋರ್ಟು ಹೇಳಿದ ಜೀವನಾಂಶ ಬಾಕಿ, ಸರ್ಕಾರ ಕೊಟ್ಟ ಓದಿನ ಸಾಲ, ಸರ್ಕಾರಕ್ಕೇ ಕೊಡ್ಬೇಕಾದ ಬಾಕಿ, ರಾಜ್ಯದ ತೆರಿಗೆ, ಕೆಲಸ ಹೋದಾಗ ಹೆಚ್ಚಿಗೆ ತಗೊಂಡ ನಿರುದ್ಯೋಗ ಭತ್ಯೆ, ಇಂಥದ್ದಕ್ಕೆ ಫೆಡರಲ್ ರಿಫಂಡು ಮುರ್ಕೊಳ್ತಾರೆ. ಅದಕ್ಕೂ ಮೊದ್ಲು ನೋಟಿಸ್ ಕಳಿಸ್ಬೇಕು. ನಿನ್ನದು ಅಂಥದ್ದೇನಾದ್ರೂ ಇದೆಯಾ?"

"ನನಗೆ ಮಕ್ಕಳಿಲ್ಲ. ಕಾಲೇಜಿಗೆ ಹೋದವನಲ್ಲ."

"ನಿನಗೆ ಅನುಮಾನ ಇದ್ರೆ ಖಜಾನೆಯವರದ್ದೇ ಒಂದು ಫೋನ್ ನಂಬರಿದೆ. ನಿನ್ನ ಹೆಸರಲ್ಲಿ ಅಂಥ ಬಾಕಿ ಇದೆಯಾ ಇಲ್ವಾ ಅಂತ ನೀನೇ ಕೇಳ್ಬಹುದು." ಜೆನೀವಾ ನಂಬರು ಕೊಟ್ಟಳು. ಥರ್ಮನ್ ಅಲ್ಲೇ ಕೂತು ಫೋನು ಮಾಡಿದ. ಅತ್ತ ಕಡೆಯ ಯಂತ್ರದ ದನಿ ಕೇಳಿದ್ದಕ್ಕೆಲ್ಲ ಗುಂಡಿ ಒತ್ತುತ್ತ ಕಾದ. ಅವನ ಹೆಸರಿನಲ್ಲಿ ಯಾವ ಬಾಕಿಯೂ ಇರಲಿಲ್ಲ. ಅವನು ಫೋನು ಮೇಜಿನ ಮೇಲಿಟ್ಟು ಎರಡೂ ಅಂಗೈಗಳಿಂದ ಮುಖ ಒರೆಸಿಕೊಂಡ.

ಅವನ ಸಂಶಯ ಅಷ್ಟಕ್ಕೇ ಮುಗಿಯಲಿಲ್ಲ. "ಅದು ವಾಷಿಂಗ್ಟನ್ನಿನ ದುಡ್ಡು. ರಾಜ್ಯದ್ದು? ನಮ್ಮದು ಎರಡು ರಾಜ್ಯದ ಕತೆ. ಇವಳು ದುಡಿಯೋದು ಅಲ್ಲಿ, ಇರೋದು ಇಲ್ಲಿ. ಸಾಲ ಮಾಡಿದ್ದು ಇನ್ನೆಲ್ಲೋ."

"ಈಗ ಸರಿಯಾದ ಪ್ರಶ್ನೆ ಕೇಳ್ದೆ" ಎಂದಳು ಜೆನೀವಾ. "ರಾಜ್ಯದ ರಿಫಂಡಿಗೆ ಆಯಾ ರಾಜ್ಯದ್ದೇ ಕಾನೂನು. ಹೆಚ್ಚಿನ ಕಡೆ ಸರ್ಕಾರಿ ಬಾಕಿಗೇ ಮುರ್ಕೊಳ್ಳೋದು. ಆದ್ರೆ ಸರ್ಕಾರಿ ಅಂದ್ರೆ ಏನೇನು ಅನ್ನೋದು ಒಂದೊಂದು ಕಡೆ ಒಂದೊಂದು ಥರ. ನಮ್ಮ ಸೌತ್ ಕ್ಯಾರೋಲೈನಾದಲ್ಲಿ ಕೌಂಟಿಗೆ, ಅಂದ್ರೆ ಜಿಲ್ಲೆಯ ಆಡಳಿತಕ್ಕೆ, ಕೊಡ್ಬೇಕಾದ ಬಿಲ್ಲು ಬಾಕಿ ಇದ್ರೂ ರಾಜ್ಯದ ರಿಫಂಡಿಂದ ಮುರ್ಕೊಳ್ಳಬಹುದು. ದಂಡ ಇರಬಹುದು, ಆಂಬುಲೆನ್ಸ್ ಇರಬಹುದು."

ಆಂಬುಲೆನ್ಸ್ ಎಂದಾಗ ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿಕೊಂಡರು. ಹೋದ ಆಗಸ್ಟಿನಲ್ಲಿ ಚರ್ಚಿನ ಊಟದ ದಿನ ಥರ್ಮನ್ ಬಿಸಿಲಿಗೆ ತಲೆ ಸುತ್ತಿ ಬಿದ್ದಿದ್ದ. ಕೌಂಟಿಯ ಆಂಬುಲೆನ್ಸೇ ಬಂದಿತ್ತು.

"ಬಿಲ್ಲು ಬಂದಿತ್ತಾ?" ವರ್ಲೀನ್ ಕೇಳಿದಳು.

"ಬಂದಿರ್ಬೇಕು. ಸ್ಟೋನ್ ಫೋನ್ ಮಾಡೋಕೆ ಶುರು ಮಾಡಿದ್ಮೇಲೆ ನಾನು ಯಾವ ಕವರೂ ಒಡೀತಿಲ್ಲ."

"ಓಹೋ" ಎಂದಳು ಜೆನೀವಾ. "ಹೆದರಬೇಕಾಗಿಲ್ಲದ ಕಡೆ ಹೆದರಿ, ನೋಡ್ಬೇಕಾದ ಕಡೆ ಕಣ್ಣು ಮುಚ್ಕೊಂಡಿದೀಯ. ಸೋಮವಾರ ಕೌಂಟಿ ಆಫೀಸಿಗೆ ಹೋಗು. ಕಂತು ಮಾಡ್ಕೊಡಿ ಅಂತ ಕೇಳು. ಇನ್ಶೂರೆನ್ಸಿಗೆ ಹಾಕಿದಾರಾ ಅಂತ್ಲೂ ಕೇಳು. ಕೇಳಿದವರಿಗೆ ಏನಾದ್ರೂ ದಾರಿ ತೋರಿಸ್ತಾರೆ."

ವರ್ಲೀನ್ ತನ್ನ ಪ್ರಶ್ನೆಯನ್ನು ಕೇಳಿದಳು. "ಹಾಗಾದ್ರೆ ನಾವಿಬ್ರೂ ಒಟ್ಟಿಗೆ ಪೇಪರ್ ಹಾಕ್ಬಹುದಾ?"

"ಧಾರಾಳವಾಗಿ. ಒಂದು ವೇಳೆ ಅವನೊಬ್ಬನ ಸರ್ಕಾರಿ ಬಾಕಿಗೆ ನಿಮ್ಮಿಬ್ಬರ ಫೆಡರಲ್ ರಿಫಂಡು ಮುರ್ಕೊಂಡ್ರೂ, ನನ್ನ ಪಾಲು ನನಗೆ ವಾಪಸು ಕೊಡಿ ಅಂತ ಕೇಳೋಕೆ ಬೇರೆ ಅರ್ಜಿನೇ ಇದೆ. ಗಂಡನ ಬಾಕಿಗೆ ಹೆಂಡ್ತಿ ದುಡ್ಡು ಹೋದ್ರೆ ಹೋಯ್ತು ಅಂತ ಕೂರ್ಬೇಕಾಗಿಲ್ಲ."

"ಈ ಸಾಲ ನಾನು ಮಾಡಿದ್ದು ನಿಜ ಅಲ್ವಾ?" ಥರ್ಮನ್ ತಗ್ಗಿದ ದನಿಯಲ್ಲಿ ಕೇಳಿದ. "ನಾನೂರು ಕೊಟ್ಟು ಬಾಯಿ ಮುಚ್ಸಿದ್ರೆ ಏನು ತಪ್ಪು?"

ಜೆನೀವಾ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು. "ಕೇಳು. ಹಳೇ ಸಾಲಕ್ಕೆ ಕೋರ್ಟಿಗೆ ಹೋಗೋಕೆ ಒಂದು ಅವಧಿ ಅಂತ ಇರತ್ತೆ. ಆ ಅವಧಿ ರಾಜ್ಯ ರಾಜ್ಯಕ್ಕೂ ಬೇರೆ. ಅದು ಮುಗಿದ ಮೇಲೆ ಅವನು ನಿನ್ನ ಮೇಲೆ ಕೇಸು ಹಾಕೋ ಹಾಗಿಲ್ಲ. ಆದ್ರೆ ಎಷ್ಟೋ ರಾಜ್ಯಗಳಲ್ಲಿ ನೀನು ಒಂದು ಡಾಲರ್ ಕೊಟ್ರೂ ಸಾಕು, ಇಲ್ಲಾ 'ಸಾಲ ನನ್ನದೇ, ಕೊಡ್ತೀನಿ' ಅಂತ ಬರ್ಕೊಟ್ರೂ ಸಾಕು, ಆ ಅವಧಿ ಮತ್ತೆ ಮೊದಲಿಂದ ಶುರು ಆಗ್ಬಹುದು. ಸತ್ತ ಸಾಲಕ್ಕೆ ನೀನೇ ಜೀವ ಕೊಟ್ಟ ಹಾಗೆ. ಅವನು ಬರೀ ನಾನೂರು ಸಾಕು ಅಂದಿದ್ದು ಯಾಕೆ ಅಂತ ಈಗ ಗೊತ್ತಾಯ್ತಾ? ಅದೂ ಅಲ್ದೆ, ಅವನು ಯಾರು ಅಂತ ನಿನಗೇನು ಗೊತ್ತು? ಬರೀ ಮೋಸಗಾರನೂ ಇರಬಹುದು. ಬ್ಯಾಂಕ್ ನಂಬರ್ ಕೊಡ್ತಾರಾ ಹಾಗೆಲ್ಲ?"

ಥರ್ಮನ್ ಕತ್ತು ಬಗ್ಗಿಸಿ ಕೂತ. ವರ್ಲೀನ್ ಅವನ ಮೊಣಕಾಲ ಮೇಲೆ ಕೈಯಿಟ್ಟಳು.

"ನಾನು ವಕೀಲೆ ಅಲ್ಲ" ಎಂದಳು ಜೆನೀವಾ. "ಊರಲ್ಲಿ ಪುಕ್ಕಟೆ ಕಾನೂನು ನೆರವಿನ ಆಫೀಸಿದೆ. ಅವನಿಂದ ಕಾಗದ ಬಂದ್ರೆ ಅಲ್ಲಿ ತೋರ್ಸು. ಕೋರ್ಟಿನ ಸಮನ್ಸೇನಾದ್ರೂ ಬಂದ್ರೆ ಮಾತ್ರ ಒಂದು ದಿನಾನೂ ತಡ ಮಾಡ್ಬೇಡ. ಸಾಲ ಎಷ್ಟೇ ಹಳೇದಾಗಿರ್ಲಿ, ಸುಳ್ಳೇ ಆಗಿರ್ಲಿ, ನೀನು ಉತ್ತರ ಕೊಡದೇ ಇದ್ರೆ ಅವನೇ ಗೆದ್ದ ಅಂತ ತೀರ್ಪಾಗತ್ತೆ. ತೀರ್ಪು ಕೈಗೆ ಬಂದ್ರೆ ಆಗ ನಿಜವಾಗ್ಲೂ ಬ್ಯಾಂಕ್ ಖಾತೆಗೆ ಕೈ ಹಾಕೋ ದಾರಿ ಸಿಗತ್ತೆ. ರಿಫಂಡು ಬಂದು ಬೀಳೋದು ಆ ಖಾತೆಗೇ ತಾನೆ? ಸೋಮವಾರ ಫೋನ್ ಬಂದಾಗ ಏನು ಹೇಳ್ಬೇಕು ಅಂತ ಈಗ ಹೇಳ್ಕೊಡ್ತೀನಿ. ಹೇಳೋದು ನೀನು. ವರ್ಲೀನ್ ಅಲ್ಲ."

ಸೋಮವಾರ ಸಂಜೆ ಊಟದ ಮೇಜಿನ ಮೇಲೆ ಫೋನು ಬಡಿದುಕೊಂಡಿತು. ಥರ್ಮನ್ ಎದ್ದು ಹಿತ್ತಿಲಿಗೆ ಹೋಗಲಿಲ್ಲ. ಮೂವರಿಗೂ ಕೇಳುವ ಹಾಗೆ ಸ್ಪೀಕರು ಹಾಕಿ, ಫೋನನ್ನು ಜೋಳದ ರೊಟ್ಟಿಯ ತಟ್ಟೆಯ ಪಕ್ಕ ಇಟ್ಟ.

"ಥರ್ಮನ್, ಇವತ್ತು ಸೋಮವಾರ ಅಲ್ವಾ? ಬ್ಯಾಂಕ್ ನಂಬರ್ ಹೇಳು" ಎಂದಿತು ಫೋನು.

"ನಿಮ್ಮ ಪೂರ್ತಿ ಹೆಸರು, ಕಂಪನಿ ಹೆಸರು, ವಿಳಾಸ ಹೇಳಿ. ಬರ್ಕೊಳ್ತೀನಿ."

"ಅದೆಲ್ಲ ಯಾಕೆ? ಸಾಲ ನಿಂದೇ ಅಂತ ಒಪ್ಕೊಂಡಿದೀಯಲ್ಲ."

"ನಾನು ಏನನ್ನೂ ಒಪ್ಕೊಳ್ತಿಲ್ಲ. ಸಾಲ ಯಾರದು, ಎಷ್ಟು, ಮೊದ್ಲು ಕೊಟ್ಟವರು ಯಾರು, ಎಲ್ಲ ಕಾಗದದಲ್ಲಿ ಕಳಿಸಿ. ಫೋನಲ್ಲಿ ದುಡ್ಡು ಕೊಡಲ್ಲ."

"ಹಾಗಾದ್ರೆ ನಿನ್ನ ಹೆಂಡ್ತಿ ರಿಫಂಡು ನಾಳೆನೇ ಹಿಡಿಸ್ತೀನಿ. ಆಮೇಲೆ ಪೊಲೀಸ್ರು ಮನೆ ಬಾಗಿಲಿಗೆ ಬಂದ್ರೆ ನನ್ನನ್ನ ಅನ್ಬೇಡ."

ಥರ್ಮನ್ ವರ್ಲೀನಳನ್ನು ನೋಡಿದ. ಅವಳು ಮೇಜಿನ ಕೆಳಗೆ ಅವನ ಕೈ ಹಿಡಿದುಕೊಂಡಳು.

"ಅಂಗಡಿ ಸಾಲಕ್ಕೆ ನೀವು ಫೆಡರಲ್ ರಿಫಂಡು ಹಿಡಿಯೋ ಹಾಗಿಲ್ಲ" ಎಂದ ಥರ್ಮನ್. ದನಿ ಈಗ ಹಾಡುವಾಗಿನಂತೆ ತುಂಬಿಕೊಂಡಿತ್ತು. "ಪೊಲೀಸ್ ಅಂತ ಹೆದರಿಸೋ ಹಾಗೂ ಇಲ್ಲ, ಅದು ಕಾನೂನಿಗೆ ವಿರುದ್ಧ. ಇವತ್ತಿನ ತಾರೀಖು, ನಿಮ್ಮ ಮಾತು, ಎರಡೂ ಬರ್ದಿಟ್ಕೊಂಡಿದೀನಿ. ರಾಜ್ಯದ ಅಟಾರ್ನಿ ಜನರಲ್ ಆಫೀಸಿಗೆ ದೂರು ಕೊಡ್ತೀನಿ. ಹೆಸರು ಹೇಳ್ತೀರಾ?"

ಒಝೆಲ್ಲಾ ಅಜ್ಜಿ ಫೋನಿನ ಕಡೆ ಬಾಗಿದರು. "ಸ್ಪೆಲಿಂಗ್ ಸಮೇತ ಹೇಳಪ್ಪಾ. ನಮ್ಮ ಹುಡುಗ ನಿಧಾನಕ್ಕೆ ಬರೀತಾನೆ."

ಫೋನು ಕಟ್ಟಾಯಿತು.

ಅಜ್ಜಿ ಬೆಣ್ಣೆಯ ಬಟ್ಟಲನ್ನು ಥರ್ಮನ್‌ನ ಮುಂದಕ್ಕೆ ತಳ್ಳಿದರು. "ತಿನ್ನು ಮಗನೇ. ಎಷ್ಟು ದಿನ ಆಯ್ತು ನೀನು ಬಿಸಿ ಊಟ ಮಾಡಿ" ಎಂದರು. ಅವನು ತಿಂದ. ತಿನ್ನುತ್ತ ತಿನ್ನುತ್ತ ಕಣ್ಣು ಒದ್ದೆಯಾಯಿತು. ಅದನ್ನು ಕಂಡೂ ಕಾಣದವರಂತೆ ಇಬ್ಬರು ಹೆಂಗಸರೂ ಊಟ ಮುಂದುವರಿಸಿದರು.

ಅವರು ಹೇಳಿದಂತೆ ದೂರು ಕೊಟ್ಟರು. ಸ್ಟೋನ್‌ನ ಕಡೆಯಿಂದ ಮೊದಲು ಏನೂ ಬರಲಿಲ್ಲ. ಆಮೇಲೆ ಒಂದು ಕಾಗದ ಬಂತು. ಥರ್ಮನ್ ಈ ಸಲ ಕವರು ತಾನೇ ಒಡೆದು, ಕಾನೂನು ನೆರವಿನ ಆಫೀಸಿಗೆ ತೆಗೆದುಕೊಂಡು ಹೋದ. ಅಲ್ಲಿನ ವಕೀಲೆ ತಾರೀಖುಗಳನ್ನು ನೋಡಿ, ಇದಕ್ಕೆ ಕೋರ್ಟಿಗೆ ಹೋಗುವ ಕಾಲ ಎಂದೋ ಮುಗಿದಿದೆ ಎಂದಳು. ಕಾಗದ ಬಂದ ಮೂವತ್ತು ದಿನದೊಳಗೆ, ಈ ಸಾಲವನ್ನು ಒಪ್ಪುವುದಿಲ್ಲ, ಪುರಾವೆ ಕಳಿಸಿ ಎಂದು ಬರೆದು ಹಾಕಬೇಕು, ಪುರಾವೆ ಕಳಿಸುವತನಕ ಅವನು ವಸೂಲಿಗೆ ಬೆನ್ನು ಹತ್ತುವಂತಿಲ್ಲ ಎಂದು ವಿವರಿಸಿ ಪತ್ರ ಬರೆದುಕೊಟ್ಟಳು. ಆಮೇಲೆ ಫೋನು ಬರಲಿಲ್ಲ.

"ಆದ್ರೂ ನಾನು ಆ ಸೋಫಾ ಮೇಲೆ ಕೂತಿದ್ದು ನಿಜ" ಎಂದ ಥರ್ಮನ್ ಒಂದು ದಿನ. ಅವನು ಅಂಥ ಮನುಷ್ಯ.

"ಮುಂದೆ ಯಾವತ್ತಾದ್ರೂ ಕೊಡ್ಬೇಕು ಅನ್ಸಿದ್ರೆ ಇಬ್ರೂ ಕೂತು ಯೋಚ್ನೆ ಮಾಡೋಣ. ವಕೀಲೆಯನ್ನೂ ಕೇಳೋಣ" ಎಂದಳು ವರ್ಲೀನ್. "ಹೆದ್ರಿಕೊಂಡು ಕೊಡೋದು ಬೇಡ. ಹಿತ್ತಿಲಲ್ಲಿ ನಿಂತ್ಕೊಂಡು ಕೊಡೋದಂತೂ ಬೇಡವೇ ಬೇಡ."

ಕೌಂಟಿಯ ಆಂಬುಲೆನ್ಸ್ ಬಿಲ್ಲು ನಿಜವಾಗಿಯೂ ಬಾಕಿಯಿತ್ತು. ಇನ್ಶೂರೆನ್ಸಿಗೆ ಕಳಿಸುವಾಗ ನಂಬರು ತಪ್ಪಾಗಿತ್ತು. ಸರಿಪಡಿಸಿದ ಮೇಲೆ ದೊಡ್ಡ ಪಾಲು ಇನ್ಶೂರೆನ್ಸಿನವರೇ ಕೊಟ್ಟರು, ಉಳಿದದ್ದನ್ನು ಇವರು ಎರಡು ಕಂತಿನಲ್ಲಿ ಕಟ್ಟಿದರು. ಗಂಡ ಹೆಂಡತಿ ಒಟ್ಟಿಗೆ ಸಹಿ ಮಾಡಿದ ತೆರಿಗೆ ಕಾಗದಗಳನ್ನು ಜೆನೀವಾ ವಾಷಿಂಗ್ಟನ್ನಿಗೂ ಎರಡು ರಾಜ್ಯಗಳಿಗೂ ಕಳಿಸಿದಳು. ರಿಫಂಡು ಒಂದು ಡಾಲರೂ ಮುರಿಯದೆ ಬಂತು.

ಚರ್ಚಿನ ಹಾಡುಗಾರರು ಒಂದು ಶನಿವಾರ ಮರ ಹೊತ್ತು ತಂದರು. ಲುಸಿಲ್ ನದಿ ದಾಟಿ ಬಂದು ಎಲ್ಲರಿಗೂ ಮೀನು ಕರಿದಳು. ಥರ್ಮನ್ ಹಲಗೆ ಕೊಯ್ದ, ಮೊಳೆ ಹೊಡೆದ, ಕೈಹಿಡಿಕೆಗಳನ್ನು ನುಣ್ಣಗೆ ಉಜ್ಜಿದ. ಮರುದಿನ ಬೆಳಗ್ಗೆ ಒಝೆಲ್ಲಾ ಅಜ್ಜಿ ನೇರಳೆ ಬಣ್ಣದ ಟೋಪಿ ಹಾಕಿಕೊಂಡು ಕುರ್ಚಿಯಲ್ಲಿ ಬಾಗಿಲಿಗೆ ಬಂದರು. ಹಿಂದೆ ಕುರ್ಚಿ ಹಿಡಿಯಲು ಬಂದ ಅಳಿಯನನ್ನು ಕೈ ಬೀಸಿ ದೂರ ಕಳಿಸಿದರು. ಗಾಲಿಯ ಮೇಲೆ ತಮ್ಮದೇ ಎರಡು ಕೈಯಿಟ್ಟು, ನಿಧಾನವಾಗಿ, ಹೊಸ ಇಳಿಜಾರಿನಲ್ಲಿ ಒಬ್ಬರೇ ಇಳಿದರು. ಕೆಳಗೆ ಮುಟ್ಟಿ ತಿರುಗಿ ನೋಡಿ, "ಏನು ನೋಡ್ತಾ ನಿಂತಿದೀರಿ ಇಬ್ರೂ? ಹಾಡು ಶುರು ಆಗೋ ಹೊತ್ತಾಯ್ತು" ಎಂದರು.

ಈ ಕತೆಯನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಊಟದ ಹೊತ್ತಿಗೆ ಇಂಥ ಫೋನು ಬರಬಹುದು. ಬಂದರೆ ನಿಮ್ಮ ರಿಫಂಡು ಹೋಯಿತು ಎಂದು ಎದೆ ಒಡೆದುಕೊಳ್ಳಬೇಡಿ. ಕೇಳಿದವರು ಖಾಸಗಿ ವಸೂಲಿಯವರೋ ಸರ್ಕಾರದವರೋ ವಿಚಾರಿಸಿ. ಕಾಗದದಲ್ಲಿ ಕಳಿಸಿ ಎನ್ನಿ. ಫೋನಿನಲ್ಲಿ ಸಾಲ ಒಪ್ಪಬೇಡಿ, ಬ್ಯಾಂಕಿನ ನಂಬರು ಹೇಳಬೇಡಿ, ಒಂದು ಡಾಲರೂ ಕೊಡಬೇಡಿ. ಬಂದ ಕವರುಗಳನ್ನು ಒಡೆದು ನೋಡಿ. ಕೋರ್ಟಿನ ಕಾಗದ ಬಂದರೆ ಹೇಳಿದ ದಿನದೊಳಗೆ ಉತ್ತರ ಕೊಡಿ. ನೀವಿರುವ ರಾಜ್ಯದ ಕಾನೂನು ನೆರೆಯ ರಾಜ್ಯದ್ದರಂತೆ ಇರಲಿಕ್ಕಿಲ್ಲ, ಹಾಗಾಗಿ ನಿಮ್ಮೂರಿನ ಪುಕ್ಕಟೆ ಕಾನೂನು ನೆರವಿನವರನ್ನು, ತೆರಿಗೆ ನೆರವಿನವರನ್ನು ಕೇಳಿ ತಿಳಿಯಿರಿ. ಕೇಳಲು ಕಾಸು ಬೇಡ, ನಾಚಿಕೆಯೂ ಬೇಡ.

ಇದೆಲ್ಲಕ್ಕಿಂತ ಮೊದಲು, ಆ ಫೋನು ಎತ್ತಿಕೊಂಡು ಹಿತ್ತಿಲಿಗೆ ಹೋಗಬೇಡಿ. ಜೊತೆಯಲ್ಲಿ ಕೂತು ಉಣ್ಣುವವರಿಗೆ ಇವತ್ತೇ ಹೇಳಿ.